ವೈರಸ್ ಬಿಟ್ಟು ಇಲಿಯ ಕ್ಯಾನ್ಸರ್ ಗಡ್ಡೆ ನಾಶ ಮಾಡಬಹುದಂತೆ, ಹೇಗೆ?

1991ರಲ್ಲಿ ಅಮೆರಿಕದ ನರಶಸ್ತ್ರವೈದ್ಯ ರಾಬರ್ಟ್ ಮಾರ್ಟುಜಾ ಅವರ ತಂಡ ಮಾಡಿದ್ದು ಇದನ್ನೇ. ತುಟಿಯ ಮೇಲೆ ಗುಳ್ಳೆ ಎಬ್ಬಿಸುತ್ತದಲ್ಲ, ಆ ಹರ್ಪಿಸ್ ವೈರಸ್ಸಿನಲ್ಲಿ ಥೈಮಿಡಿನ್ ಕೈನೇಸ್ ಎಂಬ ಕಿಣ್ವದ ಜೀನನ್ನು ಕೆಡಿಸಿದರು. ಡಿಎನ್‌ಎ ಕಟ್ಟಲು ಈ ಕಿಣ್ವ ಬೇಕು; ತನ್ನದು ಕೆಟ್ಟ ವೈರಸ್ ತಾನು ಹೊಕ್ಕ ಕೋಶದ ಕಿಣ್ವವನ್ನೇ ನೆಚ್ಚಬೇಕು. ಸದಾ ವಿಭಜನೆಯಾಗುವ ಗಡ್ಡೆಯ ಕೋಶಗಳಲ್ಲಿ ಅದು ಧಾರಾಳ, ಸುಮ್ಮನಿರುವ ನರಕೋಶದಲ್ಲಿ ಬಲು ಕಡಿಮೆ. ಹೀಗಾಗಿ ವೈರಸ್ ಮುಖ್ಯವಾಗಿ ಗಡ್ಡೆಯಲ್ಲೇ ಬೆಳೆದು, ಕೋಶ ಒಡೆದು, ಪಕ್ಕದ್ದಕ್ಕೆ ದಾಟುತ್ತದೆ. ಮನುಷ್ಯರ ಮೆದುಳಿನ ಗಡ್ಡೆಯ ಕೋಶ ನೆಟ್ಟಿದ್ದ ಇಲಿಗಳು ಹೆಚ್ಚು ದಿನ ಬದುಕಿದವು.

ಆದರೆ ಒಂದು ಎಡವಟ್ಟು: ಹರ್ಪಿಸ್‌ಗೆ ಕೊಡುವ ಅಸೈಕ್ಲೋವಿರ್ ಕೆಲಸ ಮಾಡುವುದೂ ವೈರಸ್ಸಿನ ಅದೇ ಕಿಣ್ವದಿಂದ! ವೈರಸ್ ಕೈಮೀರಿದರೆ ಆ ಮದ್ದು ನಾಟುವುದಿಲ್ಲ. ಆಮೇಲಿನವರು ಬೇರೆ ಜೀನುಗಳನ್ನು ಕೆಡಿಸಿದರು. ಆ ಜಾತಿಯದೇ ಟಿ-ವೆಕ್ ಎಂಬ ವೈರಸ್ ಮದ್ದಿಗೆ 2015ರಲ್ಲಿ ಅಮೆರಿಕದಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು.