ಮುಂಬೈ ಕನ್ನಡಿಗರಿಗಾಗಿ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್ ಟ್ರಸ್ಟ್ ಮಾಡುತ್ತಿದ್ದೇವೆ. ಅಧ್ಯಕ್ಷರಾಗಿ ದೊಡ್ಡ ಡಾಕ್ಟರನ್ನು ಹಾಕಬೇಕಾ, ಉದ್ಯಮಿಯನ್ನಾ?

ಇಬ್ಬರೂ ಬೇಡ.

ನಿಮ್ಮ ತಂದೆ ಹೋಗಿ ಇನ್ನೂ ವರ್ಷ ತುಂಬಿಲ್ಲ ಅಂತ ಬರೆದಿದ್ದೀರಿ. ಏಳು ಜನರ ಪಟ್ಟಿ ಆಗಲೇ ರೆಡಿ, ಮೇಲಿನ ಹೆಸರೊಂದೇ ಬಾಕಿ. ನವೆಂಬರ್‌ನಲ್ಲಿ ಉದ್ಘಾಟನೆ. ನಾವೂ ಥೇಟ್ ಹೀಗೇ ಶುರು ಮಾಡಿದ್ದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಭಾವ ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಐವತ್ತು ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ಶುಗರ್ ಬಂತು. ಅವರ ಮನೆಯಲ್ಲಿ ಯಾರಿಗೂ ಇರಲಿಲ್ಲ. ತೂಕ ಇಳಿಯಿತು. ಶುಗರ್ ಇದೆಯಲ್ಲ, ಇಳಿಯುತ್ತೆ ಅಂದುಕೊಂಡೆವು. ಆಮೇಲೆ ಮೈಯೆಲ್ಲ ತುರಿಕೆ, ಕಣ್ಣು ಹಳದಿ. ಕಾಮಾಲೆ ಅಂತ ಊರಿನಿಂದ ನಾಟಿ ಔಷಧಿ ಬಂತು. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಆಪರೇಷನ್ ಮಾಡುವ ಹಂತ ದಾಟಿತ್ತು. ಭಾವನೊಬ್ಬರ ಕಥೆಯಲ್ಲ ಇದು. ಈ ಕಾಯಿಲೆ ಗೊತ್ತಾಗುವಾಗ ಆಪರೇಷನ್‌ಗೆ ಸಿಗುವವರು ನೂರಕ್ಕೆ 15-20 ಜನ ಅಷ್ಟೇ. ನೆಂಟರಿಗೆ ತಿಳಿಸುವುದೇನೂ ಕಷ್ಟವಾಗಲಿಲ್ಲ. 2019ರ ಮಾರ್ಚ್‌ನಲ್ಲಿ ಗೋವಾದ ಮುಖ್ಯಮಂತ್ರಿ ಮನೋಹರ್ ಪರಿಕ್ಕರ್ ಇದರಿಂದಲೇ ತೀರಿಕೊಂಡಿದ್ದರು. 'ಪರಿಕ್ಕರ್‌ಗೆ ಬಂದದ್ದು' ಅಂದರೆ ಸಾಕು, ಮುಂದಿನ ಪ್ರಶ್ನೆ ಯಾರೂ ಕೇಳುತ್ತಿರಲಿಲ್ಲ.

ಭಾವ ಹೋದ ಮೇಲೆ ಟ್ರಸ್ಟ್ ಮಾಡಲು ಹೊರಟವನು ನಾನು, ಅಕ್ಕ ಅಲ್ಲ. ಮದುವೆ ಕಾಗದದಲ್ಲಿ ಹಿರಿಯರ ಹೆಸರು ಹಾಕಿಸುವ ಹಾಗೆ ಹೆಸರು ಕೂಡಿಸಿದೆ. ಅಧ್ಯಕ್ಷರಾಗಿ ಒಬ್ಬ ಹೋಟೆಲ್ ಮಾಲೀಕರು. ಒಳ್ಳೆಯ ಮನುಷ್ಯ, ಕೈ ಬಿಚ್ಚಿ ಕೊಡುವವರು. ಉಪಾಧ್ಯಕ್ಷರು ಡಾಕ್ಟರ್. ಖಜಾಂಚಿ ನಿವೃತ್ತ ಬ್ಯಾಂಕ್ ಅಧಿಕಾರಿ. ಒಬ್ಬ ವಕೀಲರು, ಸಂಘದ ಇಬ್ಬರು ಪದಾಧಿಕಾರಿಗಳು, ಮತ್ತೆ ಕಾರ್ಯದರ್ಶಿ ನಾನು. ಮಾಟುಂಗಾದಲ್ಲಿ ಹಾಲ್ ಹಿಡಿದು ನೇರಳೆ ಬಣ್ಣದ ಶಾಲು ಹೊದಿಸಿ ಉದ್ಘಾಟನೆ ಮಾಡಿದೆವು. ಕನ್ನಡ ಪೇಪರಿನಲ್ಲಿ ಫೋಟೋ ಬಂತು. ಅಕ್ಕನ ಕೈಯಲ್ಲಿ ದೀಪ ಹಚ್ಚಿಸಿದ್ದೆವು. ಅವಳಿಗೆ ಇಂಗ್ಲಿಷ್ ಬರಲ್ಲ, ಮೀಟಿಂಗ್ ಗೀಟಿಂಗ್ ಅವಳಿಗ್ಯಾಕೆ ಅಂತ ಕಮಿಟಿಯಿಂದ ಹೊರಗಿಟ್ಟವನೂ ನಾನೇ.

ಪಾಂಪ್ಲೆಟ್‌ನಲ್ಲಿ ನನ್ನ ನಂಬರ್ ಇತ್ತು. ನಾನು ಡೊಂಬಿವಲಿಯಿಂದ ಲೋಕಲ್‌ನಲ್ಲಿ ಜೋತಾಡಿಕೊಂಡು ಆಫೀಸಿಗೆ ಹೋಗುವವನು. ಕಾಲ್ ಬಂದರೆ ಎತ್ತಲು ಕೈ ಎಲ್ಲಿ? ಸ್ವಲ್ಪ ದಿನಕ್ಕೆ ಎಲ್ಲರಿಗೂ ಅಕ್ಕನ ನಂಬರ್ ಕೊಡಲು ಶುರು ಮಾಡಿದೆ.

ಅಕ್ಕ ಫೋನಿನಲ್ಲಿ ಮಾತಾಡುವುದನ್ನು ನೀವು ಕೇಳಬೇಕಿತ್ತು. ಕಲಬುರಗಿ ಕಡೆಯವರೊಬ್ಬರು, ಗಂಡನಿಗೆ ಆಪರೇಷನ್ ಆಗಿತ್ತು, "ಉಂಡಿದ್ದು ಮೈಗೆ ಹತ್ತವಲ್ದ್ರೀ ಅಕ್ಕಾರ" ಅಂತ ಅಳುತ್ತಿದ್ದರು. ಅಕ್ಕ ಸಮಾಧಾನ ಹೇಳಲಿಲ್ಲ. "ಕಕ್ಕಸಿಗೆ ಹೋದಾಗ ನೀರಿನ ಮೇಲೆ ಎಣ್ಣೆ ತೇಲ್ತದಾ?" ಅಂತ ಕೇಳಿದಳು. ತೇಲುತ್ತದೆ ಅಂದರು. "ಕ್ಯಾಪ್ಸೂಲ್ ಯಾವಾಗ ಕೊಡ್ತೀರಿ?" ಊಟ ಆದ ಮೇಲೆ, ಮಲಗುವ ಮುಂಚೆ. ಅಲ್ಲೇ ಇತ್ತು ಎಡವಟ್ಟು. ಅದು ಜೀರ್ಣಕ್ಕೆ ಬೇಕಾದ ಕಿಣ್ವದ ಮಾತ್ರೆ. ಪ್ಯಾಂಕ್ರಿಯಾಸ್ ಮಾಡಬೇಕಾದ ಕೆಲಸವನ್ನು ಅದು ಮಾಡಬೇಕು. ಅನ್ನದ ಜೊತೆಗೇ ಹೊಟ್ಟೆಗೆ ಇಳಿಯದಿದ್ದರೆ ತಗೊಂಡೂ ಪ್ರಯೋಜನ ಇಲ್ಲ. ಮೊದಲ ತುತ್ತಿನ ಜೊತೆ ಕೊಡಿ, ಪ್ರಮಾಣ ಮಾತ್ರ ಡಾಕ್ಟರನ್ನೇ ಕೇಳಿ, ದೊಡ್ಡ ಊಟ ಬೇಡ, ಸ್ವಲ್ಪ ಸ್ವಲ್ಪ ಆರು ಸಲ ಹಾಕಿ ಅಂದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು, "ಒಂದ್ನಿಮಿಷ" ಅಂತ ಎದ್ದು ಹೋದಳು.

ನಮ್ಮ ಏಳು ಜನರಲ್ಲಿ ಈ ಪ್ರಶ್ನೆ ಕೇಳಲು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಡಾಕ್ಟರಿಗೆ ಗೊತ್ತಿತ್ತು, ಫೋನ್ ಎತ್ತಲು ಪುರುಸೊತ್ತಿರಲಿಲ್ಲ.

ಈಗ ನಮ್ಮ ಟ್ರಸ್ಟ್ ಮುಗ್ಗರಿಸಿದ ವಿಷಯಕ್ಕೆ ಬರುತ್ತೇನೆ. ಬೋರ್ ಆದರೂ ಓದಿ.

ಟ್ರಸ್ಟ್ ಡೀಡ್‌ನಲ್ಲಿ ಒಂದು ಸಾಲು ಬರೆಸಿದೆವು: ಚೆಕ್ಕಿಗೆ ಅಧ್ಯಕ್ಷರು ಮತ್ತು ಖಜಾಂಚಿ ಇಬ್ಬರೂ ಸೈನ್ ಮಾಡಬೇಕು. ಕೇಳಲು ಚೆನ್ನಾಗಿದೆ, ಅಲ್ವಾ? ದುಡ್ಡು ಪೋಲಾಗಲ್ಲ, ಒಬ್ಬರ ಮೇಲೆ ಒಬ್ಬರ ಕಣ್ಣಿರುತ್ತೆ. ಆದರೆ ಆ ಇಬ್ಬರನ್ನು ನಾವು ಆರಿಸಿದ್ದು ಹೆಸರಿನ ತೂಕ ನೋಡಿ, ಸಮಯ ಇದೆಯಾ ಅಂತ ನೋಡಿ ಅಲ್ಲ. ಖಜಾಂಚಿಯವರು ವರ್ಷದ ಅರ್ಧ ಅಮೆರಿಕದಲ್ಲಿ ಮಗನ ಮನೆಯಲ್ಲಿ. ಅಧ್ಯಕ್ಷರು ನಾಲ್ಕು ಹೋಟೆಲ್, ಊರಿನ ದೇವಸ್ಥಾನ, ಇನ್ನೆರಡು ಸಂಘ. ಹಾಗಾಗಿ ಖಾಲಿ ಚೆಕ್ಕಿಗೆ ಮುಂಚೆಯೇ ಸೈನ್ ಹಾಕಿಸಿ ಇಟ್ಟುಕೊಳ್ಳುತ್ತಿದ್ದೆವು. ಅಲ್ಲಿಗೆ ಇಬ್ಬರ ಸೈನಿಗೆ ಏನರ್ಥ ಉಳಿಯಿತು ಹೇಳಿ.

ಒಂದು ದಿನ ಅಧ್ಯಕ್ಷರು ಹಾರ್ಟ್ ಅಟ್ಯಾಕ್ ಆಗಿ ಹೋದರು. ಶ್ರದ್ಧಾಂಜಲಿ ಸಭೆ ಮಾಡಿದೆವು, ಪೇಪರಿನಲ್ಲಿ ಹಾಕಿಸಿದೆವು, ಎರಡು ನಿಮಿಷ ಮೌನ ನಿಂತೆವು. ಒಂದೇ ಕೆಲಸ ಬಿಟ್ಟೆವು. ಮಹಾರಾಷ್ಟ್ರದಲ್ಲಿ 1950ರ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆ ಇದೆ. ಟ್ರಸ್ಟಿ ಸತ್ತರೂ, ರಾಜೀನಾಮೆ ಕೊಟ್ಟರೂ, ಹೊಸಬರು ಬಂದರೂ 90 ದಿನದೊಳಗೆ ಚಾರಿಟಿ ಕಮಿಷನರ್ ಆಫೀಸಿಗೆ ಚೇಂಜ್ ರಿಪೋರ್ಟ್ ಹಾಕಬೇಕು, 22ನೇ ಸೆಕ್ಷನ್. ವಕೀಲರು ಹಾಕುತ್ತಾರೆ ಅಂತ ನಾನು, ಕಾರ್ಯದರ್ಶಿ ಹಾಕುತ್ತಾನೆ ಅಂತ ವಕೀಲರು. ಸೈನ್ ಆದ ಚೆಕ್ ಹೇಗೂ ಡ್ರಾಯರ್‌ನಲ್ಲಿ ಇವೆ ಅನ್ನುವ ಧೈರ್ಯ ಬೇರೆ. ಬ್ಯಾಂಕಿಗೆ ಸಾವಿನ ಸುದ್ದಿ ತಲುಪಿದ ಮೇಲೆ ಆ ಚೆಕ್ಕುಗಳೆಲ್ಲ ಬರೀ ಕಾಗದ. ನಾವು ಮೀಟಿಂಗ್ ಮಾಡಿ ಠರಾವು ಬರೆದು ಒಯ್ದೆವು. ಠರಾವು ಸಾಲದು, ಹೊಸ ಟ್ರಸ್ಟಿ ಹೆಸರು ಸೇರಿದ ಶೆಡ್ಯೂಲ್ ಒನ್, ಅಂದರೆ ಚಾರಿಟಿ ಕಮಿಷನರ್ ಆಫೀಸಿನ ರಿಜಿಸ್ಟರ್ ಪ್ರತಿ, ತನ್ನಿ ಅಂದರು. ಅದು ಬೇಕಾದರೆ ಚೇಂಜ್ ರಿಪೋರ್ಟ್ ಪಾಸಾಗಬೇಕು. 90 ದಿನ ಯಾವಾಗಲೋ ಮುಗಿದಿತ್ತು, ತಡ ಮನ್ನಿಸಿ ಅಂತ ಬೇರೆ ಅರ್ಜಿ. ಅಷ್ಟರಲ್ಲಿ ಸಂಘದವರೊಬ್ಬರು ಬಾಯಿಮಾತಲ್ಲಿ ರಾಜೀನಾಮೆ ಕೊಟ್ಟು ಊರು ಸೇರಿದ್ದು ನೆನಪಾಯಿತು. ಅವರದ್ದೂ ಕಾಗದ ಆಗಿರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಒಬ್ಬರು ಬಂದಿಳಿದರು. ಗವಂಡಿ ಕೆಲಸದವರು, ಜೊತೆಗೆ ಹೆಂಡತಿ. ಗಡ್ಡೆ ಪಿತ್ತನಾಳವನ್ನು ಒತ್ತಿ ಕಾಮಾಲೆ ಏರಿತ್ತು. ಎಂಡೋಸ್ಕೋಪಿ ಮಾಡಿ ಸ್ಟೆಂಟ್, ಅಂದರೆ ನಾಳ ತೆರೆದಿಡುವ ಸಣ್ಣ ಕೊಳವೆ, ಹಾಕಬೇಕು, ಕಾಮಾಲೆ ಇಳಿದರೆ ಮಾತ್ರ ಕೀಮೋ. ಪ್ಲಾಸ್ಟಿಕ್ ಸ್ಟೆಂಟ್ ಅಗ್ಗ, ಆದರೆ ಬೇಗ ಕಟ್ಟಿಕೊಳ್ಳುತ್ತೆ. ಮೆಟಲ್‌ದು ಬಾಳಿಕೆ ಜಾಸ್ತಿ, ರೇಟೂ ಜಾಸ್ತಿ. ನಾವು ಕೊಡುತ್ತೇವೆ ಅಂತ ಮಾತು ಕೊಟ್ಟಾಗಿತ್ತು. ಅಕೌಂಟಿನಲ್ಲಿ ಅದರ ಹತ್ತು ಪಟ್ಟು ದುಡ್ಡಿತ್ತು. ಒಂದು ರೂಪಾಯಿ ತೆಗೆಯಲು ಆಗಲಿಲ್ಲ. ನಾನು ಟ್ರಸ್ಟಿಗಳಿಗೆಲ್ಲ ಫೋನ್ ಮಾಡಿದೆ. ಒಬ್ಬರು ಸಂಜೆ ಮಾತಾಡೋಣ ಅಂದರು, ಇನ್ನೊಬ್ಬರು ಮುಂದಿನ ಮೀಟಿಂಗ್‌ನಲ್ಲಿ ಇಡೋಣ ಅಂದರು. ಕೊನೆಗೆ ಅಕ್ಕ ಬಿಲ್ಡಿಂಗಿನ ಹೆಂಗಸರ ಭಿಶಿಯಲ್ಲಿ (ನಮ್ಮ ಚೀಟಿ ಇದ್ದ ಹಾಗೆ) ತನ್ನ ಸರದಿ ಮುಂದಕ್ಕೆ ಹಾಕಿಸಿಕೊಂಡು ದುಡ್ಡು ತಂದಳು. ಅಷ್ಟರಲ್ಲಿ ಅವರಿಗೆ ಚಳಿ ಜ್ವರ ಬಂದು ಪಿತ್ತನಾಳಕ್ಕೆ ಸೋಂಕು ಹತ್ತಿತ್ತು. ಸ್ಟೆಂಟ್ ಆಯಿತು. ಕೀಮೋ ತುಂಬ ಮುಂದೆ ಹೋಯಿತು. ಮುಂಚೆಯೇ ಹಾಕಿಸಿದ್ದರೆ ಅವರು ಇನ್ನೂ ಎಷ್ಟು ದಿನ ಇರುತ್ತಿದ್ದರೋ, ಅದನ್ನು ಯಾರೂ ಹೇಳಲಾರರು. ಅವರ ಹೆಂಡತಿ ಈಗಲೂ ಅಕ್ಕನಿಗೆ ಫೋನ್ ಮಾಡುತ್ತಾರೆ. ನನಗೆ ಮಾಡಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಅಧ್ಯಕ್ಷರು ಯಾರು ಅನ್ನುವುದು ಕೊನೆಯ ವಿಷಯ. ಮಧ್ಯಾಹ್ನ ಮೂರು ಗಂಟೆಗೆ ಫೋನ್ ಎತ್ತುವವರು ಯಾರು, ಬ್ಯಾಂಕಿನಲ್ಲಿ ಸೈನ್ ಮಾಡುವವರು ಯಾರು? ಈ ಎರಡು ಹೆಸರು ನಿಮ್ಮ ಪಟ್ಟಿಯಲ್ಲಿ ನನಗೆ ಕಾಣಲಿಲ್ಲ. ಡೀಡ್‌ನಲ್ಲಿ 'ಮೂವರಲ್ಲಿ ಯಾರಾದರೂ ಇಬ್ಬರು' ಅಂತ ಬರೆಸಿ. ಆ ಮೂವರೂ ಮುಂಬೈ ಬಿಟ್ಟು ಕದಲದವರಾಗಿರಲಿ. ಏಳು ಜನ ಬೇಕೇಬೇಕು ಅನ್ನುವುದು 1860ರ ಸೊಸೈಟಿ ಕಾಯ್ದೆಯಲ್ಲಿ ರಿಜಿಸ್ಟರ್ ಮಾಡಿದರೆ. ಬರೀ ಟ್ರಸ್ಟ್‌ಗೆ ಅಷ್ಟು ಜನ ಬೇಡ, ಸುಮ್ನೆ ತುಂಬಿಸಬೇಡಿ.

ಡಾಕ್ಟರ್ ಬೇಡ ಅಂದಿದ್ದು ಯಾಕೆ ಅಂದರೆ, ಅಧ್ಯಕ್ಷರು ಡಾಕ್ಟರಾದರೆ ಬಂದ ರೋಗಿಯೆಲ್ಲ ಅವರ ಆಸ್ಪತ್ರೆಗೇ ಹೋಗಬೇಕು ಅಂತ ಜನ ತಿಳಿಯುತ್ತಾರೆ. ಅವರಿಗೂ ಮುಜುಗರ. ಹೊರಗಿನಿಂದ ಸಲಹೆ ಕೊಡಲಿ, ಸಂತೋಷ. ಉದ್ಯಮಿ ದುಡ್ಡು ಕೊಡಲಿ, ರಸೀದಿ ತಗೊಳ್ಳಲಿ. ನಮ್ಮಲ್ಲಿ ಈಗ ಇನ್ನೊಬ್ಬ ಹೋಟೆಲಿನವರು ಇದ್ದಾರೆ, ಯಾವ ಹುದ್ದೆಯೂ ಇಲ್ಲ. ಧರ್ಮಶಾಲೆಯಲ್ಲಿ ಇರುವವರಿಗೆ ಮೆತ್ತಗಿನ ಗಂಜಿ, ಖಾರ ಇಲ್ಲದ ಸಾರು ಕಳಿಸುತ್ತಾರೆ. ಅವರನ್ನು ಸ್ಟೇಜಿಗೆ ಹತ್ತಿಸಿದ್ದರೆ ಆ ಗಂಜಿ ಬರುತ್ತಿತ್ತಾ, ನನಗೆ ಅನುಮಾನ.

ಇನ್ನೊಂದು ಮಾತು, ನಿಮಗೆ ಬೇಜಾರಾಗಬಹುದು. ಬೇರೆ ಕ್ಯಾನ್ಸರ್ ಸಂಸ್ಥೆಗಳನ್ನು ಬಹಳ ಕಡೆ ಗುಣವಾದವರೇ ನಡೆಸುತ್ತಾರೆ. ನಮ್ಮ ಕಾಯಿಲೆಯಲ್ಲಿ ಗುಣವಾದವರು ಸಿಗುವುದೇ ಕಷ್ಟ. ಅಮೆರಿಕದಲ್ಲೇ ಐದು ವರ್ಷ ಬದುಕುವವರು ನೂರಕ್ಕೆ ಸುಮಾರು 13 ಜನ. ಇಂಗ್ಲೆಂಡಿನ ಆಲಿ ಸ್ಟಂಟ್ 2007ರಲ್ಲಿ ಈ ಕಾಯಿಲೆಗೆ ಸಿಕ್ಕಿ, ಬದುಕಿ ಉಳಿದು, 2010ರಲ್ಲಿ ಸಂಸ್ಥೆ ಕಟ್ಟಿದರು. ಅಂಥವರು ಅಪರೂಪ. ಅಮೆರಿಕದಲ್ಲಿ 1999ರಲ್ಲಿ ಇದೇ ಕಾಯಿಲೆಗಾಗಿ ಪ್ಯಾನ್‌ಕ್ಯಾನ್ ಅನ್ನುವ ಸಂಸ್ಥೆ ಶುರು ಮಾಡಿದ ಪಮೇಲಾ ಅಕೋಸ್ಟಾ ಮಾರ್ಕ್ವಾರ್ಟ್ ತಾಯಿಯನ್ನು ಕಳೆದುಕೊಂಡವರು. ಅಂದರೆ ಈ ಕೆಲಸದ ಮುಂದಾಳುಗಳೆಲ್ಲ ಹೆಚ್ಚುಕಮ್ಮಿ ನನ್ನ ನಿಮ್ಮ ಹಾಗೆ ಮನೆಯವರನ್ನು ಕಳೆದುಕೊಂಡವರೇ. ದುಃಖದ ಬಿಸಿಯಲ್ಲಿ ಟ್ರಸ್ಟ್ ಹುಟ್ಟುತ್ತೆ. ಆ ಬಿಸಿ ಆರಿದಾಗ ಲೆಟರ್‌ಹೆಡ್ ಉಳಿಯುತ್ತೆ, ಜನ ಉಳಿಯಲ್ಲ. ವರ್ಷಾಂತಕ ಆಗಲಿ, ಆಮೇಲೂ ಅಪರಿಚಿತರ ಜೊತೆ ಕಾಮಾಲೆ, ಭೇದಿ, ವಾಂತಿಯ ಬಗ್ಗೆ ಮಾತಾಡುವ ತಾಳ್ಮೆ ಉಳಿದಿದ್ದರೆ ಆಗ ಸೈನ್ ಹಾಕಿ.

ಅಲ್ಲಿಯವರೆಗೆ ಟ್ರಸ್ಟ್ ಇಲ್ಲದೆಯೂ ಮಾಡಲು ಬೇಕಾದಷ್ಟಿದೆ. ದುಡ್ಡು ಕೊಡುವ ಹಳೆಯ ಸಂಸ್ಥೆಗಳು ಮುಂಬೈಯಲ್ಲೇ ಇವೆ. ಇಂಡಿಯನ್ ಕ್ಯಾನ್ಸರ್ ಸೊಸೈಟಿ 1951ರದ್ದು, ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ 1969ರದ್ದು. ಕಲಬುರಗಿ, ವಿಜಯಪುರ, ಬೀದರ್‌ನಿಂದ ಪರೇಲ್‌ಗೆ ಬಂದು ಟಾಟಾ ಆಸ್ಪತ್ರೆ ಮುಂದೆ ಫೈಲ್ ಹಿಡಿದು ನಿಂತವರಿಗೆ ಇವು ಇರುವುದೇ ಗೊತ್ತಿರಲ್ಲ. ಅರ್ಜಿ ಇಂಗ್ಲಿಷಿನಲ್ಲಿ, ಸುತ್ತ ಮಾತು ಮರಾಠಿ, ಹಿಂದಿಯಲ್ಲಿ. ಅವರ ಪಕ್ಕ ಕೂತು ಅರ್ಜಿ ತುಂಬಿಸಿ. ದಾದರ್‌ನ ಗಾಡ್ಗೆ ಮಹಾರಾಜ್ ಧರ್ಮಶಾಲೆಗೆ ಕರೆದುಕೊಂಡು ಹೋಗಿ, ಜಾಗ ಇದೆಯಾ ಅಂತ ನೀವೇ ಕೇಳಿ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್ ಮತ್ತು ಥರ್ಡ್ ಎಸಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗೆ ಬರುವ ಒಬ್ಬರಿಗೆ 75 ಪರ್ಸೆಂಟ್ ರಿಯಾಯಿತಿ. ಆಸ್ಪತ್ರೆಯಿಂದ ಫಾರ್ಮ್ ಬರೆಸಿಕೊಂಡರೆ ಸಾಕು. ಎಷ್ಟೋ ಜನ ಪೂರ್ತಿ ದುಡ್ಡು ಕೊಟ್ಟು ಬರುತ್ತಾರೆ. ಇಲ್ಲಿ ಚಾರಿಟಿ ಟ್ರಸ್ಟ್ ಅಂತ ನೋಂದಣಿ ಇರುವ ದೊಡ್ಡ ಖಾಸಗಿ ಆಸ್ಪತ್ರೆಗಳು ತೀರಾ ಬಡವರಿಗೆ 10 ಪರ್ಸೆಂಟ್, ಕಡಿಮೆ ಆದಾಯದವರಿಗೆ ಇನ್ನೊಂದು 10 ಪರ್ಸೆಂಟ್ ಹಾಸಿಗೆ ಇಡಬೇಕು. 2006ರಲ್ಲಿ ಬಾಂಬೆ ಹೈಕೋರ್ಟ್ ಒಪ್ಪಿದ ಸ್ಕೀಮ್ ಅದು. ಕೇಳದಿದ್ದರೆ ಯಾರೂ ತಾವಾಗಿ ಹೇಳಲ್ಲ. ಆದಾಯದ ಕಾಗದ ಊರಿನಿಂದಲೇ ತರಲು ಮೊದಲ ಫೋನಿನಲ್ಲೇ ಹೇಳಿಬಿಡಿ.

ನೋವಿನ ವಿಷಯ ಮಾತ್ರ ಮುಂದೂಡಬೇಡಿ. ಬೆನ್ನುನೋವು ತಡೆಯಲಾಗದೆ ರಾತ್ರಿಯೆಲ್ಲ ಮುಂದೆ ಬಾಗಿ ಕೂರುವವರಿಗೆ ಮಾರ್ಫಿನ್ ಇದೆ, ನೋವು ತಡೆಯಲು ನರಕ್ಕೆ ಕೊಡುವ ಇಂಜೆಕ್ಷನ್, ಬ್ಲಾಕ್ ಅಂತಾರೆ, ಅದೂ ಇದೆ. ನೋವು, ಸಂಕಟ ಕಡಿಮೆ ಮಾಡುವ ಪ್ಯಾಲಿಯೇಟಿವ್ ವಿಭಾಗಕ್ಕೆ ಕಳಿಸಿದರು ಅಂದರೆ ಕೈಬಿಟ್ಟರು ಅಂತಲ್ಲ. ಇದನ್ನು ಮನೆಯವರಿಗೆ ಒಪ್ಪಿಸಲು ಡಾಕ್ಟರಿಗಿಂತ ಅಕ್ಕನಿಗೇ ಚೆನ್ನಾಗಿ ಬರುತ್ತೆ.

ನಮ್ಮ ಟ್ರಸ್ಟ್ ಈಗಲೂ ಇದೆ. ಚೇಂಜ್ ರಿಪೋರ್ಟ್ ಕೊನೆಗೂ ಪಾಸಾಯಿತು. ಸೈನ್ ಮಾಡುವವರು ಅಕ್ಕ, ಒಬ್ಬ ನಿವೃತ್ತ ನರ್ಸ್, ಅದೇ ಬಿಲ್ಡಿಂಗಿನ ಒಬ್ಬ ಹಳೆಯ ಬ್ಯಾಂಕ್ ಕ್ಲಾರ್ಕ್. ಅಧ್ಯಕ್ಷರು ಯಾರು ಅಂತ ಕೇಳಿದರೆ ನಾನೂ ಒಂದು ಕ್ಷಣ ಯೋಚಿಸಬೇಕು.

ನಿಮ್ಮ ನವೆಂಬರ್ ಕಾರ್ಯಕ್ರಮದ ಬಗ್ಗೆ. ಪ್ಯಾಂಕ್ರಿಯಾಸ್ ಕ್ಯಾನ್ಸರ್ ದಿನ ಬರುವುದು ನವೆಂಬರ್ ಮೂರನೇ ಗುರುವಾರ. ವಾರದ ಮಧ್ಯ ಮುಂಬೈಯಲ್ಲಿ ಯಾರೂ ಬರಲ್ಲ, ಭಾನುವಾರ ಇಡಿ. ಹಾಲ್‌ಗೆ ಅಡ್ವಾನ್ಸ್ ಕೊಟ್ಟಿಲ್ಲ ಅಂದರೆ ಹಾಲ್ ಬೇಡ, ಯಾವುದಾದರೂ ಸಂಘದ ಸಣ್ಣ ರೂಮು ಸಾಕು. ಭಾಷಣದ ಬದಲು ಕನ್ನಡ ಬಲ್ಲ ಡಯಟೀಷಿಯನ್ ಒಬ್ಬರನ್ನು ಕರೆಸಿ. ಜೋಳದ ರೊಟ್ಟಿ ತಿನ್ನುವವರು ಏನು ತಿನ್ನಬೇಕು, ಕುಚ್ಚಲಕ್ಕಿ ಗಂಜಿಯವರು ಏನು ತಿನ್ನಬೇಕು ಅಂತ ಬೇರೆ ಬೇರೆಯಾಗಿ ಹೇಳಿಸಿ. ಶಾಲು ತರಬೇಡಿ.