ಕೋವಿಡ್ ಲಸಿಕೆಯ ನಾಲ್ಕನೇ ಡೋಸ್‌ಗೆ ಫೈಜರ್ ಹಾಕಿಸಲಾ, ಮಾಡರ್ನಾ ಹಾಕಿಸಲಾ, ಇನ್ನೂ ಸ್ವಲ್ಪ ಕಾಯಲಾ?

2022ರ ನವೆಂಬರ್‌ನಲ್ಲಿ ನೀವು ಬರೆದದ್ದು ಇಷ್ಟು: ವಯಸ್ಸು 47, ಬಿಪಿ ಮಾತ್ರೆ ನಡೆಯುತ್ತಿದೆ, ಇತ್ತೀಚೆಗೆ ಕೋವಿಡ್ ಆಗಿಲ್ಲ. 2021ರಲ್ಲಿ ಎರಡು ಡೋಸ್ ಆಸ್ಟ್ರಾಜೆನೆಕಾ, 2022ರ ಜನವರಿಯಲ್ಲಿ ಒಂದು ಫೈಜರ್. ಲಸಿಕೆ ಕೇಂದ್ರದಲ್ಲಿ ಎರಡೂ ಕಂಪನಿಗಳ ಹೊಸ ಬೂಸ್ಟರ್ ಇದೆ. ಗೆಳೆಯರು ಮಾಡರ್ನಾನೇ ಸ್ಟ್ರಾಂಗ್ ಎನ್ನುತ್ತಾರೆ. ತಮ್ಮ, ಇನ್ನೂ ಒಳ್ಳೆಯದು ಬರುತ್ತೆ, ಕಾಯಿ ಎನ್ನುತ್ತಾನೆ. ಮನೆಯಲ್ಲಿ 78 ವರ್ಷದ ಅಮ್ಮ ಇದ್ದಾರೆ.

ಎರಡರಲ್ಲಿ ಯಾವುದು ಮೊದಲು ಸಿಗುತ್ತೋ ಅದನ್ನೇ ಹಾಕಿಸಿಕೊಳ್ಳಿ. ಆದರೆ ಈ ವಾರವೇ ಹಾಕಿಸಿಕೊಳ್ಳಿ.

ನಾನು ಡಾಕ್ಟರ್ ಅಲ್ಲ, ನರ್ಸ್. 2021ರಿಂದ ಲಸಿಕೆ ಹಾಕುವ ಕೆಲಸದಲ್ಲಿದ್ದೇನೆ, "ಯಾವುದು ಒಳ್ಳೇದು ಸಿಸ್ಟರ್?" ಅನ್ನೋ ಪ್ರಶ್ನೆಯನ್ನು ದಿನಕ್ಕೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ.

ನಿಮ್ಮ ಗೆಳೆಯರು ಸುಮ್ನೆ ಹೇಳುತ್ತಿಲ್ಲ, ಅವರ ಮಾತಿಗೆ ಒಂದು ಆಧಾರ ಇದೆ. ಬ್ರಿಟನ್ನಿನಲ್ಲಿ ಕೋವ್-ಬೂಸ್ಟ್ ಅಂತ ಒಂದು ಪ್ರಯೋಗ ನಡೆಯಿತು, 7 ಬೇರೆ ಬೇರೆ ಲಸಿಕೆಗಳನ್ನು ಮೂರನೇ ಡೋಸ್ ಆಗಿ ಕೊಟ್ಟು ನೋಡಿದರು, 2021ರ ಡಿಸೆಂಬರ್‌ನಲ್ಲಿ ಫಲಿತಾಂಶ ಬಂತು. ಮೊದಲೆರಡು ಡೋಸ್ ನಿಮ್ಮ ಹಾಗೆ ಆಸ್ಟ್ರಾಜೆನೆಕಾ ಆದವರಲ್ಲಿ ಮಾಡರ್ನಾ ಬೂಸ್ಟರ್ ಪ್ರತಿಕಾಯಗಳನ್ನು (ಆ್ಯಂಟಿಬಾಡಿ, ವೈರಸ್ ವಿರುದ್ಧ ರಕ್ತದಲ್ಲಿ ತಯಾರಾಗುವ ರಕ್ಷಕ) ಸುಮಾರು 32 ಪಟ್ಟು ಏರಿಸಿತು, ಫೈಜರ್ ಸುಮಾರು 25 ಪಟ್ಟು, ಮತ್ತೆ ಆಸ್ಟ್ರಾಜೆನೆಕಾನೇ ಕೊಟ್ಟರೆ ಬರೀ 3 ಪಟ್ಟು. ನೋಡಿದ ಕೂಡಲೇ ಮಾಡರ್ನಾ ಗೆದ್ದ ಹಾಗೆ ಕಾಣುತ್ತೆ, ಅಲ್ವಾ? ಆದರೆ ಆ ಪ್ರಯೋಗದಲ್ಲಿ ಕೊಟ್ಟದ್ದು ಮಾಡರ್ನಾದ ಪೂರ್ತಿ ಡೋಸ್, 100 ಮೈಕ್ರೋಗ್ರಾಂ. ಬೂಸ್ಟರ್ ಅಂತ ನಾವು ಕೇಂದ್ರದಲ್ಲಿ ಹಾಕುವುದು ಅದರ ಅರ್ಧ, 50. ಫೈಜರ್ ಮೊದಲಿಂದಲೂ 30, ಈಗಲೂ 30. 2021-22ರ ಚಳಿಗಾಲದಲ್ಲಿ ಮಾಡರ್ನಾ ಸೀಸೆಯಿಂದ ಮೊದಲ ಡೋಸಿನವರಿಗೆ 0.5 ಎಂಎಲ್ ಎಳೆಯುತ್ತಿದ್ದೆ, ಬೂಸ್ಟರ್‌ನವರಿಗೆ ಅದೇ ಸೀಸೆಯಿಂದ 0.25. ಸಿರಿಂಜ್ ನೋಡಿ "ನನಗೆ ಮಾತ್ರ ಯಾಕೆ ಕಮ್ಮಿ?" ಅಂತ ಜಗಳಕ್ಕೆ ಬಂದವರೂ ಇದ್ದಾರೆ. ಅಂದರೆ 32ಕ್ಕೂ 25ಕ್ಕೂ ಇರುವ ಅಂತರವನ್ನು ನಿಮ್ಮ ತೋಳಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ. ಅದೂ ಅಲ್ಲದೆ ಏರಿದ ಪ್ರತಿಕಾಯ ಕೆಲವೇ ತಿಂಗಳಲ್ಲಿ ಇಳಿಯುತ್ತೆ, ಯಾವ ಕಂಪನಿಯದಾದರೂ ಇಳಿಯುತ್ತೆ. ಆಸ್ಪತ್ರೆ ಸೇರುವಷ್ಟು ಜೋರಾಗದಂತೆ ತಡೆಯುವ ಶಕ್ತಿ ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ, ಅಲ್ಲಿ ದೇಹದ ನೆನಪಿನ ಕೋಶಗಳ ಪಾತ್ರ ದೊಡ್ಡದು.

ನನ್ನ ಸ್ವಂತ ಬೂಸ್ಟರ್ ಕಥೆ ಹೇಳುತ್ತೇನೆ, ಕೇಳಿ. ಮೊದಲೆರಡು ಡೋಸ್ ಮಾಡರ್ನಾ ಆಗಿತ್ತು, ಮೂರನೆಯದೂ ಅದೇ ಬೇಕು ಅಂತ ನಾನೂ ಕಾಯುತ್ತಿದ್ದೆ. 2021ರ ಡಿಸೆಂಬರ್‌ನ ಒಂದು ಸಂಜೆ, ಕೆಲಸ ಮುಗಿಯುವ ಹೊತ್ತು. ನೇರಳೆ ಮುಚ್ಚಳದ ಫೈಜರ್ ಸೀಸೆಗೆ 1.8 ಎಂಎಲ್ ಸಲೈನ್ ಬೆರೆಸಬೇಕು, ಕುಲುಕದೆ ಮೆಲ್ಲಗೆ ಹತ್ತು ಸಲ ತಲೆಕೆಳಗು ಮಾಡಬೇಕು, ಆಮೇಲೆ 6 ಡೋಸ್ ಸಿಗುತ್ತೆ. ಬೆರೆಸಿದ ಮೇಲೆ 6 ಗಂಟೆ ದಾಟಿದರೆ ಎಸೆಯಬೇಕು. ಎರಡು ಡೋಸ್ ಉಳಿದಿತ್ತು, ಸಮಯ ಇದ್ದದ್ದು ನಲವತ್ತು ನಿಮಿಷ, ಹೊರಗಿನ ಕುರ್ಚಿಗಳು ಖಾಲಿ. ನಾನು ಜೊತೆಯವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಅವಳು ನನಗೆ ಹಾಕಿದಳು, ನಾನು ಅವಳಿಗೆ ಹಾಕಿದೆ. ಅಲ್ಲಿಗೆ ನನ್ನ ಆಯ್ಕೆ ಮುಗಿಯಿತು. ಮಾರನೆಯ ದಿನ ತೋಳು ಎತ್ತಲಾಗಲಿಲ್ಲ, ಸ್ವಲ್ಪ ಚಳಿ ಬಂತು, ಅಷ್ಟೇ.

ಇನ್ನು 2022ರ ಹೊಸ ಬೂಸ್ಟರ್ ವಿಷಯ. ಅದರಲ್ಲಿ ಅರ್ಧ ಹಳೆಯ ವೈರಸ್ಸಿನ ಮುಳ್ಳಿಗೆ (ವೈರಸ್ ಮೈಮೇಲಿನ ಸ್ಪೈಕ್ ಪ್ರೊಟೀನ್), ಅರ್ಧ ಓಮಿಕ್ರಾನ್ ಮುಳ್ಳಿಗೆ. ಕೆಲವು ಕಡೆ ಬಿಎ.1 ಇದ್ದದ್ದು, ಕೆಲವು ಕಡೆ ಬಿಎ.4/5 ಇದ್ದದ್ದು, ಇವು ಓಮಿಕ್ರಾನ್‌ನ ಉಪತಳಿಗಳು. ಬಿಎ.4/5ಕ್ಕೆ ಅಮೆರಿಕ 2022ರ ಆಗಸ್ಟ್ 31ರಂದು ಒಪ್ಪಿಗೆ ಕೊಟ್ಟಾಗ ಕೈಯಲ್ಲಿ ಇದ್ದದ್ದು ಇಲಿಗಳ ಮೇಲಿನ ಫಲಿತಾಂಶ ಮತ್ತು ಬಿಎ.1 ಲಸಿಕೆ ಮನುಷ್ಯರಿಗೆ ಕೊಟ್ಟಾಗ ಬಂದ ಫಲಿತಾಂಶ. ಇದನ್ನು ಕೇಳಿ ಗಾಬರಿಯಾಗಬೇಡಿ, ಫ್ಲೂ ಲಸಿಕೆಯ ತಳಿಯನ್ನು ಕೂಡ ಹೀಗೇ ದೊಡ್ಡ ಪ್ರಯೋಗ ಇಲ್ಲದೆ ಆಗಾಗ ಬದಲಿಸುತ್ತಾರೆ. ಅಕ್ಟೋಬರ್ ಕೊನೆಯಲ್ಲಿ ಎರಡು ಸಣ್ಣ ಅಧ್ಯಯನಗಳು ಬಂದವು: ಬಿಎ.5 ವಿರುದ್ಧ ಹೊಸದಕ್ಕೂ ಹಳೆಯದಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಅಂತ. ಪೇಪರಿನವರು ಅದನ್ನು "ಹೊಸದು ಪ್ರಯೋಜನ ಇಲ್ಲ" ಎಂಬಂತೆ ಬರೆದರು. ನನಗೆ ಅದು ಬೇರೆ ಥರ ಕಾಣುತ್ತೆ. ಹಳೆಯದೂ ಕೆಲಸ ಮಾಡುತ್ತಿತ್ತು, ಹೊಸದೂ ಮಾಡುತ್ತೆ. ಎರಡರಲ್ಲಿ ಹೊಸದು ಸಿಕ್ಕರೆ ಹೊಸದು ತಗೊಳ್ಳಿ, ಅದು ಬಿಎ.1ರದ್ದೋ 4/5ರದ್ದೋ ಅಂತ ತಲೆಕೆಡಿಸಿಕೊಳ್ಳಬೇಡಿ.

ತಮ್ಮನ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. 2022ರ ಜನವರಿಯಲ್ಲಿ ಸುಮಾರು ಐವತ್ತರ ಒಬ್ಬರು ಬಂದು ಕೂತಿದ್ದರು. ತೋಳಿನ ಬಟ್ಟೆ ಮೇಲಕ್ಕೆ ಸರಿಸಿ ಆಗಿತ್ತು, ಸ್ಪಿರಿಟ್ ಹಚ್ಚಿಯೂ ಆಗಿತ್ತು. ಅಷ್ಟರಲ್ಲಿ "ಓಮಿಕ್ರಾನ್‌ಗೇ ಅಂತ ಮಾರ್ಚ್‌ನಲ್ಲಿ ಬೇರೆ ಬರುತ್ತಂತಲ್ಲ, ಅದನ್ನೇ ಹಾಕಿಸ್ತೀನಿ" ಅಂತ ಎದ್ದು ಹೋದರು. ಅವರ ತಪ್ಪಲ್ಲ, ಫೈಜರ್ ಮುಖ್ಯಸ್ಥರೇ ಮಾರ್ಚ್‌ಗೆ ಸಿದ್ಧ ಅಂದಿದ್ದರು. ಮಾರ್ಚ್ ಬಂತು, ಹೋಯಿತು. ಲಸಿಕೆಗೆ ಒಪ್ಪಿಗೆ ಸಿಕ್ಕಿದ್ದು ಆಗಸ್ಟ್‌ನಲ್ಲಿ. ನಡುವೆ ಬಿಎ.2 ಬಂತು, ಬಿಎ.5 ಬಂತು. ಆ ಮನುಷ್ಯ ಮೇ ತಿಂಗಳಲ್ಲಿ ಮತ್ತೆ ಬಂದರು. ಏಪ್ರಿಲ್‌ನಲ್ಲಿ ಕೋವಿಡ್ ಆಗಿತ್ತಂತೆ, ಮೂರು ವಾರ ಮೆಟ್ಟಿಲು ಹತ್ತಲು ಆಗಲಿಲ್ಲವಂತೆ. ಬಾಗಿಲಿಂದ ನನ್ನ ಮೇಜಿನ ತನಕ ಬರುವಷ್ಟರಲ್ಲಿ ಎರಡು ಸಲ ಕೆಮ್ಮಿದರು.

ಬ್ರಾಂಡ್ ನೋಡಲೇಬೇಕಾದವರೂ ಇದ್ದಾರೆ. ಹದಿಹರೆಯದ ಮತ್ತು ಇಪ್ಪತ್ತರ ಆಸುಪಾಸಿನ ಗಂಡಸರಲ್ಲಿ ಹೃದಯದ ಸ್ನಾಯು ಊದಿಕೊಳ್ಳುವ ತೊಂದರೆ ಅಪರೂಪಕ್ಕೆ ಕಂಡಿದೆ, ಅದೂ ಮಾಡರ್ನಾದಲ್ಲಿ ಸ್ವಲ್ಪ ಜಾಸ್ತಿ, ಹೆಚ್ಚಾಗಿ ಎರಡನೇ ಡೋಸ್ ಆದ ಮೇಲೆ. 2021ರ ಅಕ್ಟೋಬರ್‌ನಲ್ಲಿ ಸ್ವೀಡನ್ 30ರ ಒಳಗಿನ ಎಲ್ಲರಿಗೂ, ಫಿನ್ಲೆಂಡ್ 30ರ ಒಳಗಿನ ಗಂಡಸರಿಗೂ ಮಾಡರ್ನಾ ನಿಲ್ಲಿಸಿದ್ದು ಇದಕ್ಕೇ. ನಿಮ್ಮ ಮಗನಿಗೆ ಇಪ್ಪತ್ತಾಗಿದ್ದರೆ ಫೈಜರ್ ಎನ್ನುತ್ತಿದ್ದೆ. ಹಿಂದಿನ ಡೋಸ್ ಆದ ಕೂಡಲೇ ಮುಖ ಊದಿಕೊಂಡು ಉಸಿರು ಕಟ್ಟಿದ್ದರೆ ಡಾಕ್ಟರನ್ನು ಕೇಳದೆ ಯಾವುದನ್ನೂ ಹಾಕಿಸಬೇಡಿ. ನಿಮಗೆ ಇವೆರಡೂ ಇಲ್ಲ. ಬಿಪಿ ಇದೆ ಅಂತ ಲಸಿಕೆಗೆ ಅಡ್ಡಿಯಿಲ್ಲ, ಆವತ್ತಿನ ಮಾತ್ರೆ ಮರೆಯಬೇಡಿ ಅಷ್ಟೇ, ಹೆದರಿಕೆಗೇ ಬಿಪಿ ಏರಿಸಿಕೊಂಡು ಬರುವವರು ಬೇಕಾದಷ್ಟು ಜನ!

ಕಾಯಲು ಒಂದೇ ಒಂದು ಒಳ್ಳೆಯ ಕಾರಣ ಇದೆ. ಇತ್ತೀಚೆಗೆ ಕೋವಿಡ್ ಆಗಿದ್ದರೆ ಸುಮಾರು ಮೂರು ತಿಂಗಳು ಬಿಟ್ಟು ಹಾಕಿಸಬಹುದು, ಆ ಸೋಂಕೇ ಅಷ್ಟು ದಿನ ಬೂಸ್ಟರ್ ಥರ ಕೆಲಸ ಮಾಡುತ್ತೆ. ನಿಮಗೆ ಆಗಿಲ್ಲ ಅಂತ ಬರೆದಿದ್ದೀರಿ, ಕೊನೆಯ ಡೋಸ್ ಆಗಿ ಹತ್ತು ತಿಂಗಳಾಯಿತು. ಪ್ರತಿಕಾಯ ಏರಲು ಒಂದೆರಡು ವಾರ ಬೇಕು, ಮನೆಯಲ್ಲಿ ಕಾರ್ಯಕ್ರಮವೋ ಪ್ರಯಾಣವೋ ಇದ್ದರೆ ಅದಕ್ಕೆ ಎರಡು ವಾರ ಮೊದಲೇ ಆಗಲಿ. ಫ್ಲೂ ಲಸಿಕೆಯೂ ಬಾಕಿ ಇದ್ದರೆ ಅವತ್ತೇ ಇನ್ನೊಂದು ತೋಳಿಗೆ ಹಾಕಿಸಿಬಿಡಿ.

ಹಾಂ, ಅಮ್ಮನದು ಎಷ್ಟು ಡೋಸ್ ಆಗಿದೆ ಅಂತ ನೀವು ಬರೆದೇ ಇಲ್ಲ. ನಿಮಗಿಂತ ಅವರಿಗೆ ಇದು ಜಾಸ್ತಿ ಅಗತ್ಯ, ಮೊದಲು ಅವರಿಗೆ ಹಾಕಿಸಿ. ಇಬ್ಬರೂ ಒಂದೇ ದಿನ ಹಾಕಿಸಿಕೊಳ್ಳಬೇಡಿ, ಎರಡು ದಿನ ಅಂತರ ಇರಲಿ. ರಾತ್ರಿ ಅವರಿಗೆ ಜ್ವರ ಬಂದರೆ ಎದ್ದು ಪ್ಯಾರಾಸಿಟಮಾಲ್, ನೀರು ಕೊಡಲು ನೀವು ನೆಟ್ಟಗಿರಬೇಕಲ್ಲ.