ಅಟ್ಟದಲ್ಲಿ ಸಿಕ್ಕ ಓಲೆಗರಿಗೆ ತೆಂಗಿನೆಣ್ಣೆ ಹಚ್ಚಬಹುದಾ?

ಪ್ರಶ್ನೆ: ಹಳೆ ಮನೆಯ ಹಂಚು ಇಳಿಸುವಾಗ ಅಟ್ಟದಲ್ಲಿ ಓಲೆಗರಿಯ 7 ಕಟ್ಟು ಸಿಕ್ಕಿವೆ. ಅಕ್ಷರ ಮಲಯಾಳಂ ಥರ ಇದೆ, ಓದಲು ಬರುವವರಿಲ್ಲ. ಗರಿ ಒಣಗಿದೆ, ತೆಂಗಿನೆಣ್ಣೆ ಹಚ್ಚು ಅಂತಾರೆ ಅತ್ತೆ. ಅಮೆರಿಕದಲ್ಲಿರುವ ಮೈದುನನಿಗೆ ನೆನಪಿಗೆ ಒಂದು ಕಟ್ಟು ಬೇಕಂತೆ. ವಿಶ್ವವಿದ್ಯಾಲಯಕ್ಕೆ ಕೊಡೋಣ ಅಂತ ನನ್ನ ಆಸೆ. ಕೊಟ್ಟ ಮೇಲೆ ನಮಗೆ ನೋಡಲಾದರೂ ಸಿಗುತ್ತಾ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಮೊದಲು ಆ ಎಣ್ಣೆ ಬಾಟಲಿ ಒಳಗಿಡಿ ತಾಯಿ. ಹಳೆಯ ಲಿಪಿಕಾರರು ಪ್ರತಿಯ ಕೊನೆಗೆ ಒಂದು ಶ್ಲೋಕ ಬರೆಯುತ್ತಿದ್ದರು. ಪುಸ್ತಕವೇ ಮಾತಾಡುತ್ತದೆ: ನನ್ನನ್ನು ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ. ಹಸ್ತಪ್ರತಿ ವಿಭಾಗದಲ್ಲಿ 31 ವರ್ಷ ಕೂತೆ, ಇದಕ್ಕಿಂತ ಒಳ್ಳೆ ಸುತ್ತೋಲೆ ಓದಿಲ್ಲ. ವಿಭಾಗಗಳಲ್ಲಿ ಗರಿಗೆ ಸಿಟ್ರೊನೆಲ್ಲಾ ಅನ್ನುವ ಹುಲ್ಲಿನ ಎಣ್ಣೆ ಸವರುವುದುಂಟು, ಅದು ಬೇಗ ಆರುತ್ತದೆ, ಹುಳ ದೂರ ಇಡುತ್ತದೆ. ತೆಂಗಿನೆಣ್ಣೆ ಅಂಟಾಗಿ ಉಳಿದು ಧೂಳು ಹಿಡಿಯುತ್ತದೆ.

ಮೆತ್ತನೆ ಬ್ರಷ್‌ನಲ್ಲಿ ಮೇಲಿನ ಧೂಳು ಮಾತ್ರ ಕೊಡವಿ. ಗರಿಗಳ ಕ್ರಮ ಬದಲಿಸಬೇಡಿ. ಅಂಟಿಕೊಂಡಿದ್ದನ್ನು ಬಿಡಿಸಲು ಹೋಗಬೇಡಿ, ಚೂರಾಗುತ್ತದೆ. ಮೇಲೆ ಕೆಳಗೆ ಮರದ ಹಲಗೆ ಇದ್ದರೆ ಹಾಗೇ ಇಟ್ಟು, ಹತ್ತಿ ಬಟ್ಟೆಯಲ್ಲಿ ಅಲುಗಾಡದಷ್ಟು ಬಿಗಿಯಾಗಿ ಸುತ್ತಿ. ರಬ್ಬರ್ ಬ್ಯಾಂಡ್, ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಅಕ್ಷರ ಕಾಣದ ಗರಿ ಖಾಲಿ ಅಂದುಕೊಳ್ಳಬೇಡಿ. ಕಂಟ ಅನ್ನುವ ಕಬ್ಬಿಣದ ಮೊನೆಯಲ್ಲಿ ಕೊರೆದು, ಆಮೇಲೆ ಮಸಿ ಸವರುವುದು ಇದರ ಕ್ರಮ. ಮಸಿ ಹೋಗಿದ್ದರೂ ಗೀರು ಉಳಿದಿರುತ್ತದೆ. ಓರೆ ಬೆಳಕಲ್ಲಿ ಹಿಡಿದು ನೋಡಿ.

ಮಲಯಾಳಂ ಥರ ಅಂದಿರಿ. ನಿಮ್ಮ ಸೀಮೆಯಲ್ಲಿ ಅದು ತಿಗಳಾರಿ ಲಿಪಿ ಇರುವ ಸಾಧ್ಯತೆ ಜಾಸ್ತಿ. ಮಲೆನಾಡು, ಕರಾವಳಿಯ ವೈದಿಕ ಮನೆಗಳಲ್ಲಿ ಸಂಸ್ಕೃತ ಬರೆಯಲು ಅದನ್ನೇ ಬಳಸುತ್ತಿದ್ದರು. ದೂರ ಹೋಗಬೇಕಿಲ್ಲ, ನಿಮ್ಮ ತಾಲ್ಲೂಕಿನ ಕೆಳದಿ ವಸ್ತುಸಂಗ್ರಹಾಲಯದಲ್ಲೇ ಇಂಥ ಗರಿಗಳಿವೆ, ಮೊದಲು ಅಲ್ಲಿ ತೋರಿಸಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಕೂಡ ಇವೆ. ಮೈದುನನಿಗೆ ಫೋಟೊ ಕಳಿಸಿ, ಸಾಕು. 75 ವರ್ಷ ದಾಟಿದ, ಚರಿತ್ರೆಗೋ ಸಾಹಿತ್ಯಕ್ಕೋ ಬೆಲೆಯುಳ್ಳ ಹಸ್ತಪ್ರತಿಯನ್ನು ಹಾಗೆಲ್ಲ ದೇಶದಾಚೆ ಒಯ್ಯುವಂತಿಲ್ಲ, 1972ರ ಪ್ರಾಚ್ಯವಸ್ತು ಕಾಯ್ದೆ ಇದೆ.

ಕೊಡುವ ಮುಂಚೆ ಪ್ರತಿ ಕಟ್ಟಿನ ಗರಿ ಎಣಿಸಿ, ಆ ಸಂಖ್ಯೆ ಸಮೇತ ರಸೀದಿ ಕೇಳಿ. ಸ್ಕ್ಯಾನ್ ಪ್ರತಿ ಬೇಕು, ಮನೆಯವರು ಬಂದಾಗ ನೋಡಲು ಬಿಡಬೇಕು ಅಂತ ಪತ್ರದಲ್ಲೇ ಬರೆಸಿ. ಬಾಯಿಮಾತು ಸಾಲದು. ಇವತ್ತಿರುವ ಅಧಿಕಾರಿ ನಾಳೆ ವರ್ಗವಾಗುತ್ತಾರೆ, ಅಲ್ವಾ?

ಇನ್ನೊಂದು ಮಾತು, ಇದು ನನ್ನದೇ ತಪ್ಪಿನ ಕಥೆ. ಕೆಲಸಕ್ಕೆ ಸೇರಿದ ಹೊಸತು. ಹಳ್ಳಿಯಿಂದ ಒಬ್ಬ ಯಜಮಾನರು ಮಾಸಲು ಬಟ್ಟೆಯಲ್ಲಿ ಒಂದು ಕಟ್ಟು ತಂದುಕೊಟ್ಟರು. ಗರಿ ತೆಗೆದಿಟ್ಟೆ, ಬಟ್ಟೆ ಕಸಕ್ಕೆ ಹಾಕಿದೆ. ಆ ಬಟ್ಟೆಯ ಅಂಚಲ್ಲಿ ಮಸಿಯಲ್ಲಿ ಬರೆದಿದ್ದ ಊರು, ಮನೆತನದ ಹೆಸರೂ ಅದರ ಜೊತೆ ಹೋಯಿತು. ಕೊನೆಯ ಗರಿ ಮುರಿದಿತ್ತು, ಬರೆದವನ ಹೆಸರು ಅಲ್ಲೂ ಇರಲಿಲ್ಲ. ಆ ಪ್ರತಿ ಇವತ್ತಿಗೂ ಬರೀ ನಂಬರು.

ದೊಡ್ಡ ಗ್ರಂಥದ ವಿಷಯದಲ್ಲೂ ಹೀಗಾಗಿದೆ. ಮೈಸೂರಿನ ಆ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಓರಿಯಂಟಲ್ ಲೈಬ್ರರಿ ಅಂತ ಶುರುವಾದದ್ದು, 1916ರಲ್ಲಿ ವಿಶ್ವವಿದ್ಯಾಲಯದ ಜೊತೆ ಸೇರಿತು. ಕೌಟಿಲ್ಯನ ಅರ್ಥಶಾಸ್ತ್ರ, ತಮಿಳು ನಾಡಿನಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಲಿಪಿಯ ಗರಿಗಳಲ್ಲಿ ಅಲ್ಲಿಗೇ ಬಂತು. ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ತಂದುಕೊಟ್ಟ ಪುಣ್ಯಾತ್ಮರನ್ನು ಮಾತ್ರ ನಾವೆಲ್ಲ ತಂಜಾವೂರು ಕಡೆಯ ಒಬ್ಬ ಪಂಡಿತರು ಅಂತಷ್ಟೇ ಕರೆಯುತ್ತೇವೆ.

ಅದಕ್ಕೇ, ಅತ್ತೆಯನ್ನು ಕೂರಿಸಿಕೊಂಡು ಒಂದು ನೋಟ್‌ಬುಕ್ ತೆರೆಯಿರಿ. ಅಟ್ಟದ ಯಾವ ಮೂಲೆ, ಪೆಟ್ಟಿಗೆಯಲ್ಲಿತ್ತಾ, ಬುಟ್ಟಿಯಲ್ಲಿತ್ತಾ, ಮನೆಯಲ್ಲಿ ಕೊನೆಗೆ ಇದನ್ನು ಓದುತ್ತಿದ್ದವರು ಯಾರು, ಎಲ್ಲ ಬರೆದುಕೊಳ್ಳಿ. ಒಂದು ಪ್ರತಿ ಕಟ್ಟಿನ ಜೊತೆ ಕೊಡಿ. ಸುತ್ತಿದ್ದ ಹಳೆ ಬಟ್ಟೆ ಇದ್ದರೆ ಅದನ್ನೂ ಕೊಡಿ, ಒಗೆಯಬೇಡಿ.